ಮಾವನ ಮನೆಯ ಮೂಕ ಪರದೆ

ಹಲಸೂರಿನ ನನ್ನ ಸೋದರಮಾವನಿಗೆ ಒಂದು ಸುತ್ತು ಕಡಿಮೆ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕಿಳಿಯುವುದಿಲ್ಲ. ಒಂದೇ ಸುತ್ತೇ, ಎಂದಷ್ಟೇ ಕೇಳುತ್ತೇನೆ! ಮನೆಯ ಹಳೆಯ ಟಿ.ವಿ. ಕೆಟ್ಟಾಗ ಎಲ್ಲರೂ ಸ್ಮಾರ್ಟ್ ಟಿ.ವಿ. ತೆಗೆದುಕೊಳ್ಳಿ ಎಂದೆವು. ಇವರು ಬಾಗಿಲಷ್ಟು ಅಗಲದ ಕಂಪ್ಯೂಟರ್ ಮಾನಿಟರೊಂದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದಿಳಿದರು. ಬಾಗಿಲು ಆಟೋದಲ್ಲಿ ಹಿಡಿಸುವುದಿಲ್ಲವಾದ್ದರಿಂದ ಕಿಟಕಿಯಷ್ಟೇ ಇದ್ದಿರಬೇಕು. ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ.

ಸ್ಮಾರ್ಟ್ ಟಿ.ವಿ. ಯಾಕೆ ಬೇಡವೆಂದು ಕೇಳಿದೆ. “ನನಗಿಂತ ಸ್ಮಾರ್ಟಾಗಿರೋಳು ಮನೇಲಿ ಆಗ್ಲೇ ಒಬ್ಳಿದಾಳೆ. ಇನ್ನೊಂದ್ಯಾಕೋ?” ಎಂದರು.

ಆಕೆ ನನ್ನ ಅತ್ತೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಈಚೆಗೆ ಅವರ ಕಿವಿ ಮಂದವಾಗಿತ್ತು. ಮಷಿನ್ ಹಾಕಿಕೊಂಡರೆ ತಲೆಯೊಳಗೆ ಮಿಕ್ಸಿ ತಿರುಗಿದ ಹಾಗಾಗುತ್ತದೆಂದು ತೆಗೆದಿಟ್ಟಿದ್ದರು. ಟಿ.ವಿ. ಜೋರು ಮಾಡಿದರೆ ನಾವು ಗೊಣಗುತ್ತಿದ್ದೆವು, ಕಡಿಮೆ ಮಾಡಿದರೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಕೊನೆಗೆ, ನಾವೆಲ್ಲ ನಡುಮನೆಯಲ್ಲಿ ಸೇರಿದಾಗ ಅವರು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂರತೊಡಗಿದರು. ಅಷ್ಟು ಸೊಪ್ಪನ್ನು ಆ ಮನೆಯಲ್ಲಿ ತಿನ್ನುವವರು ಯಾರು? ಕರೆದರೆ, ಕೆಲಸವಿದೆ ಎನ್ನುವರು.

ಮಾನಿಟರಿನ ಬೆನ್ನಿಗೆ ಸಿನಿಮಾ, ಕ್ರಿಕೆಟ್ ತೋರಿಸುವ ಬೆರಳುದ್ದದ ಕಡ್ಡಿಯೊಂದನ್ನು ಚುಚ್ಚಿ ಇಂಟರ್ನೆಟ್ ಕೊಟ್ಟಿದ್ದಾಯಿತು. ಚಿತ್ರ ಬಂತು, ಕೆಳಗೆ ಇಂಗ್ಲಿಷ್ ಅಕ್ಷರಗಳೂ ಬಂದವು. ದನಿ ಬರಲಿಲ್ಲ. ಇದಕ್ಕೆ ಸ್ಪೀಕರೇ ಇಲ್ಲವೆಂದು ನಾನು ಘೋಷಿಸಿದೆ.

“ಓದೋಕ್ ಬರಲ್ವಾ ನಿಂಗೆ?” ಎಂದರು ಮಾವ. “ಯೂನಿವರ್ಸಿಟಿಗೆ ಹೋಗಿದ್ದು ಬರೀ ಕ್ಯಾಂಟೀನಿಗಾ?”

ನಾನು ತಂದುಕೊಟ್ಟ ಸ್ಪೀಕರು ಮರುದಿನವೇ ಲಿಂಗರಾಜಪುರದ ಅವರ ಮಗಳ ಮನೆ ಸೇರಿತು.

ಕ್ರಿಕೆಟ್ ಅಂತೂ ನೋಡಬೇಕಿತ್ತು! ಇಂಟರ್ನೆಟ್ಟಿನ ಚಿತ್ರ ತಡವಾಗಿ ಬರುತ್ತದಲ್ಲ, ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಪಕ್ಕದ ಮನೆಯವರು ಸಿಕ್ಸರಿಗೆ ಕಿರುಚುತ್ತಿದ್ದರು. ಚಿತ್ರ ನಮ್ಮದು, ಸೌಂಡು ಅವರದು, ಜೊತೆಗೆ ಭವಿಷ್ಯವೂ ಬಿಟ್ಟಿ ಎಂದು ಮಾವ ಬೀಗಿದರು. ಅತ್ತೆ ಮಾತ್ರ ಬರಲಿಲ್ಲ. ಸೊಪ್ಪಿತ್ತು.

ಮುಂದಿನ ಭಾನುವಾರ ಮಗಳೂ ಬಂದಿದ್ದಳು. ಮಾವ ಒಂದು ಹಾಸ್ಯದ ಸಿನಿಮಾ ಹಾಕಿದರು. ನಟ ಬಾಯಿ ತೆರೆಯುವ ಮೊದಲೇ ಕೆಳಗೆ ಅಕ್ಷರ ಮೂಡುತ್ತಿತ್ತು. ಕಾಫಿ ಕೊಡಲು ಬಂದ ಅತ್ತೆ ಪರದೆಯ ಕಡೆ ನೋಡಿದವರು ತಟ್ಟೆ ಹಿಡಿದುಕೊಂಡೇ ನಕ್ಕುಬಿಟ್ಟರು. ನಾವಿನ್ನೂ ಓದುತ್ತಿದ್ದೆವು! ಮಗಳು ಅವರ ಕೈ ಹಿಡಿದೆಳೆದು, “ಏನಂತಮ್ಮ?” ಎಂದಳು. ಅತ್ತೆ ನಮ್ಮ ನಡುವೆ ಕೂತು ಬಿಡಿಸಿ ಹೇಳಿದರು. ಮುಂದಿನ ಜೋಕಿಗೂ ಅವರೇ ಮೊದಲು. ಹಿಂದಿನ ಬೆಂಚಿನವರನ್ನು ನೋಡುವಂತೆ ನಮ್ಮನ್ನು ನೋಡಿದರು. ಆಮೇಲೆ ಅವರು ಏಳಲಿಲ್ಲ.

ನಾನು ಮಾವನ ಕಡೆ ತಿರುಗಿದೆ. ಅವರು ಇಂಗ್ಲಿಷ್ ಅಕ್ಷರ ಕೂಡಿಸಿ ಒಂದು ಸಾಲು ಓದುವಷ್ಟರಲ್ಲಿ ಸಿನಿಮಾವೇ ಮುಗಿದಿರುತ್ತದೆ. ಅವರು ಪರದೆಯನ್ನು ನೋಡುತ್ತಲೂ ಇರಲಿಲ್ಲ. ಅತ್ತೆ ನಕ್ಕಾಗಲೆಲ್ಲ ನಗುತ್ತಿದ್ದರು.