ಕೆಡೋದನ್ನ ಮರೆತ ಫೈರ್‌ವಾಲ್ ಸಾಹೇಬ್ರ ಮ್ಯಾಲ ನನ್ನದೊಂದು ತಕರಾರು

ಮಾನ್ಯರೇ,

ಕೊಟ್ಟೂರಿನ ನಮ್ಮ ಗುರುಸಂಗಪ್ಪ ಮಾಲೀಕ್ರ ಇಂಟರ್ನೆಟ್ ಆಫೀಸಿನ ಮೂಲ್ಯಾಗ, ಒಂದು ಕಾಲು ಗಿಡ್ಡ ಇರೋ ಟೇಬಲ್ಲಿನ ಮ್ಯಾಲ ವಿರಾಜಮಾನರಾಗಿ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಅಂತ ಸುತ್ತ ಎಲ್ಲಾ ಊರಿನ ಮನಿಮನಿಗೆ ಹೋಗೋ ಇಂಟರ್ನೆಟ್ಟಿನ ಬಾಗ್ಲ ಕಾಯ್ತಿರೋ ಶ್ರೀಮಾನ್ ಫೈರ್‌ವಾಲ್ ಸಾಹೇಬ್ರ ಪಾದಕ್ಕ, ಪಾದ ಎಲ್ಲಿ ಬಂತು, ನಾಕು ರಬ್ಬರ್ ಗುಂಡಿ ಅದಾವು, ಅವಕ್ಕ, ತಮ್ಮನ್ನ ಸ್ಕ್ರೂ ಹಾಕಿ ಕಟ್ಟಿದ ಮಾರೇಶ ಮಾಡೋ ಸಾಷ್ಟಾಂಗ ನಮಸ್ಕಾರ. ಕುಂತು ಬರಿಯೋ ತಾಳ್ಮಿ ನನಗ ಹುಟ್ಟಿದಾಗಿಂದ ಇಲ್ಲ, ಫೋನಿಗೆ ಹೇಳ್ತಾ ಹೊಂಟೀನಿ, ಅದು ಹೆಂಗ ಬರ್ಕೊಂತೈತೋ ಹಂಗ ಓದ್ಕೊಳ್ರಿ.

ನನ್ನ ತಕರಾರು ಏನಂದ್ರ, ತಾವು ಕೆಡೋದನ್ನ ಮರತೀರಿ. ಮೂವತ್ತು ದಿನ ಆತು, ಒಂದು ಸಲ ಹ್ಯಾಂಗ್ ಇಲ್ಲ, ಒಂದು ಸಲ ಗುರ್ ಅಂದಿಲ್ಲ, ಯಾರ ಮನ್ಯಾಗೂ ಮ್ಯಾಚ್ ನಡುವಿನಾಗ ದುಂಡನೆ ಚಕ್ರ ತಿರುಗಿಲ್ಲ. ಇಷ್ಟು ಚೊಲೋ ಕೆಲ್ಸ ಮಾಡೋರು ನಮ್ಮ ಕಡಿ ಯಾವ ಇಲಾಖ್ಯಾಗೂ ಇಲ್ರಿ, ತಮಗ ಯಾರು ಕಲಿಸಿದ್ರು ಇದನ್ನ? ನಾನಂತೂ ಅಲ್ಲ.

ತಮ್ಮ ಪೂರ್ವಾಶ್ರಮದ ಮಾತು ಮಂದಿ ಮುಂದ ತೆಗಿಬಾರ್ದು, ಆದ್ರೂ ತೆಗೀತೀನಿ. ತಾವು ಮೊದ್ಲು ಮಾಲೀಕ್ರ ಅಡತಿ ಅಂಗಡ್ಯಾಗ ಮೆಕ್ಕೆಜೋಳದ ಚೀಟಿ ಪ್ರಿಂಟ್ ಹೊಡೆಯೋ ಕಂಪ್ಯೂಟರ್ ಆಗಿದ್ರಿ. ಫ್ಯಾನಿನಾಗ ಹೊಟ್ಟು, ಹಿಂದ್ಗಡೆ ಹಲ್ಲಿ ಸಂಸಾರ. ಯಾವುದೋ ಕಂಪನಿಯಾಂವ ಟೈ ಕಟ್ಕೊಂಡು ಬಂದು, ನಿಮ್ಮ ಲೈನಿಗೆ ಫೈರ್‌ವಾಲ್ ಅಂತ ಒಂದು ಡಬ್ಬಿ ಬೇಕಾಗ್ತೈತಿ ಅಂದಾಗ ಮಾಲೀಕ್ರು ನನ್ನ ಕರದು, "ಏನ್ಲೇ ಮಾರೇಶ, ಆ ಡಬ್ಬಿ ಒಳಗ ಏನಿರತೈತಿ?" ಅಂದ್ರು. "ಒಳಗ ಕಂಪ್ಯೂಟರ್ ಇರತೈತ್ರಿ, ಹೊರಗ ಕಂಪನಿ ಹೆಸರಿರತೈತ್ರಿ" ಅಂದೆ. "ಹಂಗಾರ ಅಂಗಡ್ಯಾಗಿನ ಕಂಪ್ಯೂಟರ್ ತಗೊಂಡು ನೀನೇ ಮಾಡ್ಲೇ" ಅಂದ್ರು. ಪುಣೆದಾಗ ಆಫೀಸುಗಳಿಗೆ ಕೇಬಲ್ ಎಳೆಯೋವಾಗ ಅಂಥಾದ್ದೊಂದು ಬಿಚ್ಚಿ ಹಾಕಿದ್ದನ್ನ ನೋಡಿದ್ದೆ, ಅಷ್ಟೇ ನನ್ನ ವಿದ್ಯಾ. ಗೋವಾದಾಗ ಟೈಲ್ಸ್ ಹಾಸೀನಿ, ಉಡುಪ್ಯಾಗ ಹೋಟ್ಲಿನಾಗ ದೋಸಿ ಹೊಯ್ದೀನಿ, ಕೂಡ್ಲಿಗಿ ಕಡಿಂದ ಹದಿನೇಳನೇ ವಯಸ್ಸಿಗೆ ಮನಿ ಬಿಟ್ಟಾಂವ ಎಲ್ಲೂ ಆರು ತಿಂಗ್ಳು ನಿಂತಿಲ್ಲ. ಕೊಟ್ಟೂರಾಗ ಹನ್ನೊಂದು ತಿಂಗ್ಳಾತು. ಯಾಕ ನಿಂತೆ ಅಂತ ಕೇಳಿದ್ರ ತಮ್ಮ ಕಡಿ ಬೆರಳು ತೋರಸ್ಬೇಕು, ಯಾಕಂದ್ರ ಜೀವನದಾಗ ನಾನು ಸುರು ಮಾಡಿ ಮುಗಿಸಿದ ಕೆಲ್ಸ ತಾವೊಬ್ರೇ.

ಮುಗಿಸಿದ್ದೂ ಸುಮ್ನಲ್ಲ. ಇಂಟರ್ನೆಟ್ ಅಂದ್ರ ಸಣ್ಣ ಸಣ್ಣ ಪ್ಯಾಕೆಟ್ಟು. ಎಲ್ಲಿಂದ ಬಂತು, ಯಾರ ಮನಿಗೆ ಹೊಂಟೈತಿ, ಕಳ್ಳಂದೋ ಸಾಚಾನೋ ಅಂತ ಒಂದೊಂದನ್ನೂ ನೋಡಿ ಒಳಗ ಬಿಡೋದು ತಮ್ಮ ನೌಕರಿ, ಅದೂ ಸೆಕೆಂಡಿಗೆ ಹತ್ತು ಲಕ್ಷ. ದೊಡ್ಡ ಸ್ಪೀಡಿನ ನೆಟ್‌ವರ್ಕ್ ಕಾರ್ಡ್ ಹಾಕಿ, ಒಂದು ದೊಡ್ಡ ಸಿನಿಮಾ ಆಕಡಿಂದ ಈಕಡಿಗೆ ಕಳಿಸಿ ನೋಡಿದಾಗ ತಾವು ಕಣ್ಣು ಮಿಟುಕಿಸಲಿಲ್ಲ, ನಾನು ಮಾಲೀಕ್ರ ಮುಂದ ಮೀಸಿ ತಿರುವಿದೆ. ಅವತ್ತೇ ಸಂಜಿಗೆ ಐದು ತಾಲ್ಲೂಕಿನ ಹುಡುಗ್ರು ಗೇಮ್ ತೆಗದು ಕುಂತ ಕೂಡ್ಲೇ, ಸಿನಿಮಾದಂಗ ದಪ್ಪ ಅಲ್ಲದ, ಎಣಿಕಿಗೆ ಸಿಗದ ಆ ಇರಿವಿಯಂಥಾ ಪ್ಯಾಕೆಟ್ಟುಗಳ ದಂಡಿಗೆ ತಾವು ಉಸ್ಸಪ್ಪ ಅಂತ ಕುಂತ್ಬಿಟ್ರಿ. ನೋಡ್ತೀನಿ, ತಮ್ಮ ತಲಿಯೊಳಗ ನಾಕು ಮಂದಿ ಕೆಲಸಗಾರ್ರು ಇದ್ರೂ, ಸಂತಿ ದಿನ ಹಮಾಲರಾಗ ಒಬ್ಬನೇ ಎಲ್ಲಾ ಚೀಲ ಹೊತ್ತು ಮೂರು ಮಂದಿ ಬೀಡಿ ಸೇದ್ಕೊಂತ ಕುಂತಂಗ, ಒಂದು ಕೋರ್ ಬೆವರು ಸುರಿಸಾಕತ್ತೈತಿ, ಮೂರು ಆಕಳಸಾಕತ್ತಾವು. ಆ ಮೂರನ್ನ ಎಬ್ಬಿಸಿ, ನಾಕಕ್ಕೂ ಸಮ ಹೊರೆ ಹಂಚಾಕ ನನಗ ಹದಿನೆಂಟು ದಿನ ಹಿಡೀತು. ಆ ಹದಿನೆಂಟು ದಿನ ನಮ್ಮ ಹಡಗಲಿ ಗಿರಾಕಿ ಗಂಗಾಧರಣ್ಣ ಫೋನ್ ಮಾಡಿ ನನ್ನ ವಂಶಾವಳಿಯನ್ನ ನನಗಿಂತ ಚೆಂದ ಓದಿ ಹೇಳ್ತಿದ್ದ.

ಇನ್ನ ಅಮಾಸಿ ಮಾತು. ಮಾಲೀಕ್ರ ಮನಿಯವ್ರು ನೀಲಗಂಗಮ್ಮಾರು ಅಮಾಸಿ ಅಮಾಸಿಗೆ ಅಂಗಡಿ, ತಕ್ಕಡಿ, ಟ್ರ್ಯಾಕ್ಟರ್, ಎಲ್ಲಾದಕ್ಕೂ ಪೂಜಿ ಮಾಡ್ತಾರ. ಅಕ್ಕಾರ, ಇದನ್ನ ಬಂದ್ ಮಾಡಬ್ಯಾಡ್ರಿ ಅಂತ ನಾನು ಕೈಮುಗುದ್ರ, "ಓಡೋ ಗಾಡಿಗೆ ಯಾರಾದ್ರೂ ವಿಭೂತಿ ಹಚ್ತಾರೇನೋ? ಅದಕ್ಕೂ ಒಂದು ಗಳಿಗಿ ದಮ್ ತಗಳ್ಳಾಕ ಬಿಡು" ಅಂತ ತಮ್ಮ ಪ್ಲಗ್ ಕಿತ್ತು, ವಿಭೂತಿ ಹಚ್ಚಿ, ಕಾಯಿ ಒಡದು, ತಿರುಗಿ ಹಾಕಿದ್ರು. ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅಂತ ನಾನು ನಾಕು ನೂರು ನಿಯಮ ತಮಗ ಬಾಯಿಪಾಠ ಮಾಡಿಸಿದ್ದೆ, ಆದ್ರ ಬರೆದು ಇಡೋದನ್ನ ಮರತಿದ್ದೆ. ಪ್ಲಗ್ ಹೋತು, ಪಾಠ ಹೋತು. ತಾವು ಹಣಿ ತುಂಬ ವಿಭೂತಿ ಹಚ್ಕೊಂಡು, ಸಂಸಾರ ಬಿಟ್ಟ ಸನ್ಯಾಸಿಯಂಗ, ಕಳ್ಳರು ಸುಳ್ಳರು ಅನ್ನದ ಎಲ್ಲಾರನ್ನೂ ಒಳಗ ಬಿಟ್ರಿ. ನಾನು ಆವಾಗ ಹಿರೇಹಡಗಲ್ಯಾಗ ಕಂಬದ ಮ್ಯಾಲ. ಕಳ್ಳ ಪ್ಯಾಕೆಟ್ಟೇ ತುಂಬಿ ಲೈನ್ ಕಟ್ಕೊಂತು, ಎರಡು ತಾಸು ಐದು ತಾಲ್ಲೂಕಿನ ನೆಟ್ ಕುಂಯ್ ಅನ್ಲಿಲ್ಲ. ಕೆಳಗ ಇಳಿಯೋದ್ರಾಗ ಮಾಲೀಕ್ರ ಫೋನು: "ಮುಂದಿನ ಅಮಾಸಿ ಪೂಜಿ ಆದ್ಮ್ಯಾಲೆ ನೀನು ಮುಟ್ಟದಂಗ ಅದು ತಾನೇ ಎದ್ದು ನಿಂದ್ರಬೇಕು. ಇಲ್ಲಾ, ಕಂಪನಿ ಡಬ್ಬಿ ತರಸ್ತೀನಿ, ನೀನು ನಿಮ್ಮೂರ ಬಸ್ಸು ಹತ್ತು."

ಹಂಗಾಗಿ ನಿಯಮ ಎಲ್ಲಾ ಡಿಸ್ಕಿಗೆ ಬರೆದೆ, ರಾತ್ರಿ ಮಂದಿ ಮಲಗಿದ ಮ್ಯಾಲ ನೂರು ಸಲ ಪ್ಲಗ್ ಕಿತ್ತು ನೂರು ಸಲ ಹಾಕಿ ನೋಡಿದೆ. ಆ ಅಮಾಸಿ ದಿನ ಮಾಲೀಕ್ರು ಬೇಕಂತಲೇ ನನ್ನ ಹರಪನಹಳ್ಳಿಗೆ ಕಳಿಸಿದ್ರು. ಹನ್ನೊಂದಕ್ಕ ಪೂಜಿ. ಹನ್ನೊಂದೂವರಿ ಆತು, ಫೋನ್ ಇಲ್ಲ. ಹನ್ನೆರಡಾತು, ಇಲ್ಲ. ಬೈಗಳ ಕೇಳದ ಕಿವಿ ಗುಂಯ್ ಅಂತಿತ್ತು. ತಡಿಲಾರ್ದ ನಾನೇ ಗಂಗಾಧರಣ್ಣಗ ಮಾಡಿ, ಅಣ್ಣಾ, ನೆಟ್ ಬರಾಕತ್ತೈತೇನು ಅಂದೆ. "ಬರಾಕತ್ತೈತಲ್ಲೋ, ಯಾಕ, ಬರಬಾರದಿತ್ತೇನು?" ಅಂದ. ಅಲ್ಲೇ ಬಸ್ ಸ್ಟ್ಯಾಂಡಿನಾಗ ಗುರುತಿಲ್ಲದ ಮುದುಕಪ್ಪಗ ಮಂಡಕ್ಕಿ ಮಿರ್ಚಿ ಕೊಡಿಸಿದೆ.

ಕುಣ್ಕೊಂತ ಕೊಟ್ಟೂರಿಗೆ ಬಂದ್ರ ಮಾಲೀಕ್ರು ಬೆನ್ನು ತಟ್ಟಿದ್ರು. "ಶಬ್ಬಾಶ್ ಮಾರೇಶ. ತನ್ನಷ್ಟಕ್ಕ ತಾನೇ ಏಳತೈತಿ, ತಾನೇ ಓಡತೈತಿ. ಇನ್ನ ನಿನಗೇನು ಕೆಲ್ಸ ಉಳೀತಪಾ ಇಲ್ಲಿ? ನಮ್ಮ ಅಕ್ಕನ ಮಗ ಪ್ರವೀಣಕುಮಾರ್ ಖಾಲಿ ಅದಾನ, ಅಂವ ನೋಡ್ಕೊಂತಾನ. ಹೆಂಗ ನೋಡ್ಕೊಬೇಕಂತ ಒಂದು ಹಾಳ್ಯಾಗ ಬರ್ಕೊಡು." ಕೇಳಿಸ್ಕೊಂಡ್ರೇನು ಸಾಹೇಬ್ರ? ತಾವು ಕೆಟ್ಟಿದ್ರೂ ನನ್ನ ಬಸ್ಸು ಹತ್ತಿಸ್ತಿದ್ರು, ಕೆಡದೇ ಇದ್ರೂ ಹತ್ತಸ್ತಾರ. ಕೆಟ್ಟು ಕಳಿಸಿದ್ರ ಬೈಯಾಕರ ಒಂದು ಮುಖ ಇರ್ತಿತ್ತು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನಂದ್ರ, ವಾರಕ್ಕ ಒಂದು ಸಲ, ಮಂಗಳವಾರ ಊಟ ಆದ್ಮ್ಯಾಲೆ ಆದ್ರೂ ಅಡ್ಡಿಯಿಲ್ಲ, ಒಂದೆಂಟು ನಿಮಿಷ ತಾವು ಮರ್ಯಾದಿಯಿಂದ ಕೆಡಬೇಕು. ಗಂಗಾಧರಣ್ಣಂದು ನಿಲ್ಲಬಾರ್ದು, ಅಂವ ಬಾಯಿ ಹೊಲಸು ಮಾಡ್ಕೊಂತಾನ. ಬರೇ ಮಾಲೀಕ್ರ ಮನ್ಯಾಗ ಧಾರಾವಾಹಿ ಸೊಸಿ ವಿಷದ ಲೋಟ ಎತ್ತಿದ ಹೊತ್ತಿಗೆ ನಿಲ್ಲಬೇಕು. ಪ್ರವೀಣಕುಮಾರ್ ಮುಟ್ಟಿದ್ರ ಬೀಪ್ ಬೀಪ್ ಅಂತ ಅಳಬೇಕು, ನಾನು ಬಂದು ತಲಿ ನೇವರಿಸಿದ್ರ ಸುಮ್ಮನಾಗಬೇಕು.

ನೀನೇ ಒಂದು ಸಾಲು ಅಳಿಸಿ ಕೆಡಿಸಬಾರ್ದೇನು ಅಂತ ತಾವು ಕೇಳಬಹುದು. ಮೊನ್ನೆ ಮಧ್ಯಾಹ್ನ ಅದಕ್ಕೇ ಕುಂತಿದ್ದೆ. ಸ್ಕ್ರೀನ್ ತೆಗದೆ. ನಾಕೂ ಕೋರು ಒಂದೇ ಎತ್ತರಕ್ಕ ಓಡಾಕತ್ತಿದ್ವು, ಸೆಕೆಂಡಿಗೆ ಒಂಬತ್ತು ಲಕ್ಷ ಎಂಬತ್ತು ಸಾವಿರ ಪ್ಯಾಕೆಟ್ಟು, ದಾರ್ಯಾಗ ಬಿದ್ದು ಕಳದದ್ದು ಸೊನ್ನಿ. ಆ ಸೊನ್ನಿಯನ್ನ ಅರ್ಧ ತಾಸು ನೋಡಿದೆ. ಕೈ ಬರ್ಲಿಲ್ರಿ. ಕೀಬೋರ್ಡ್ ವರಸಿ, ಎದ್ದು ಬಂದೆ.

ಮಾಲೀಕ್ರು ಕೇಳಿದ ಹಾಳಿ ಬರ್ಕೊಟ್ಟೀನಿ, ತಮ್ಮ ಎದಿಗೇ ಅಂಟಿಸೀನಿ. ಅದರಾಗ ಇರೋದು ಒಂದೇ ಸಾಲು: ಏನೂ ಮುಟ್ಟಬ್ಯಾಡ್ರಿ.

ಪಾಸ್‌ವರ್ಡ್ ಹೇಳದ ಹೊರತು ಇವತ್ತಿಗೂ ತಾವು ಒಳಗ ಬಿಡದ,
ತಮ್ಮ ವಿಶ್ವಾಸಿ,
ಮಾರೇಶ

ತಾ.ಕ.: ಪ್ರವೀಣಕುಮಾರ್ ಅವ್ರು ಆ ಹಾಳಿ ಓದಿ ನಕ್ಕು, ತಮ್ಮ ಮುಂದ ನಿಂತು ಒಂದು ಫೋಟೋ ಹೊಡ್ಕೊಂಡು, "ಇದಕ್ಕ ಬಣ್ಣದ ಲೈಟ್ ಇರೋ ಫ್ಯಾನ್ ಹಾಕಿ, ನಾಕು ಗೇಮ್ ಇಳಿಸಿದ್ರ ಇನ್ನೂ ಜೋರ್ ಓಡತೈತಿ" ಅಂತ ಸ್ಕ್ರೂಡ್ರೈವರ್ ಹುಡುಕಾಕತ್ಯಾರ. ಎಲ್ಲೈತಿ ಅಂತ ನಾನೇ ತೋರಿಸಿ ಬಂದೀನಿ.