ಏಳನೇ ನಂಬರಿನ ಟೊಮೆಟೊ

ಅಡಿಗೆ ಎನ್ನುವುದು ಹೆಂಗಸರೆಲ್ಲ ಸೇರಿ ಹಬ್ಬಿಸಿರುವ ದೊಡ್ಡ ಗಾಳಿಸುದ್ದಿ! ಅದರಲ್ಲಿ ಇಲ್ಲದ ಕಷ್ಟವನ್ನು ಇದೆಯೆಂದು ನಂಬಿಸಿ, ಗಂಡಸರನ್ನು ಸಾವಿರಾರು ವರ್ಷಗಳಿಂದ ಅಡಿಗೆಮನೆಯ ಹೊಸ್ತಿಲಾಚೆ ನಿಲ್ಲಿಸಿದ್ದಾರೆ. ಆ ಹೊಸ್ತಿಲು ದಾಟುವ ವೀರ ನಾನೇ ಆಗಬೇಕೆಂದು ಆಗಸ್ಟ್ ತಿಂಗಳ ಒಂದು ಗುರುವಾರ, ಊಟದ ತಟ್ಟೆಯ ಮುಂದೆ ಕೂತು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬಾಯಿ ಬಿಟ್ಟೆ.

"ಏನಿದೆ ಇದ್ರಲ್ಲಿ?" ಎಂದೆ, ಹೆಂಡತಿ ಅಸಿಮಿನಾ ಬಡಿಸಿದ್ದ ಅಕ್ಕಿ ತುಂಬಿದ ಟೊಮೆಟೊವನ್ನು ಫೋರ್ಕಿನಿಂದ ತಿವಿಯುತ್ತ. "ಹಿತ್ತಲಿನ ಟೊಮೆಟೊ, ಒಂದು ಹಿಡಿ ಅಕ್ಕಿ, ಈರುಳ್ಳಿ, ಪುದೀನ, ಆಲಿವ್ ಎಣ್ಣೆ. ಆಗಸ್ಟ್ ತಿಂಗಳ ಟೊಮೆಟೊ ತನ್ನಷ್ಟಕ್ಕೆ ತಾನೇ ರುಚಿ. ಅಡಿಗೆ ಮಾಡೋದು ಬಿಸಿಲು ಕಣೇ, ನೀನಲ್ಲ!"

ಅಸಿಮಿನಾ ಸಿಟ್ಟಾಗಲಿಲ್ಲ. ಅವಳು ಸಿಟ್ಟಾಗದಿದ್ದಾಗಲೇ ಹೆದರಬೇಕು ಎಂಬುದನ್ನು ಇಪ್ಪತ್ತಾರು ವರ್ಷದ ಸಂಸಾರ ನನಗೆ ಕಲಿಸಿರಬೇಕಿತ್ತು.

"ಸರಿ," ಎಂದಳು. "ಭಾನುವಾರ ಅಮ್ಮ ಊಟಕ್ಕೆ ಬರ್ತಾಳೆ. ನೀನೂ ನಿನ್ನ ಬಿಸಿಲೂ ಸೇರ್ಕೊಂಡು ಮಾಡಿ ಬಡಿಸಿ. ನಾನು ಒಲೆ ಕಡೆ ತಲೆ ಹಾಕಿಯೂ ಮಲಗಲ್ಲ."

ಅಮ್ಮ ಎಂದರೆ ನನ್ನ ಅತ್ತೆ ಸ್ಟಮಾತಾ. ಎಪ್ಪತ್ತೆಂಟು ವರ್ಷ, ಕಪ್ಪು ಉಡುಪು, ಎರಡು ಮಂಡಿನೋವು, ಒಂದು ನಾಲಿಗೆ. ನಮ್ಮ ನಾಕ್ಸೋಸ್ ದ್ವೀಪದಲ್ಲಿ ಅಳಿಯನನ್ನು ಅತ್ತೆಯಂದಿರು ಬಾಯ್ತುಂಬ "ಅಳಿಯಾ" ಎಂದು ಕರೆಯುತ್ತಾರೆ. ಮದುವೆಯ ಮಾರನೇ ದಿನದಿಂದಲೇ ಶುರು. ನನ್ನತ್ತೆ ಮಾತ್ರ ಇಪ್ಪತ್ತಾರು ವರ್ಷದಿಂದ ನನ್ನನ್ನು ಕರೆಯುವುದು "ಪೋಸ್ಟ್‌ಮ್ಯಾನ್" ಎಂದು. ಬಂದರಿನಲ್ಲಿ ಎರಡು ದೋಣಿಯಿದ್ದ ವರನನ್ನು ಬಿಟ್ಟು ಮಗಳು ನನ್ನನ್ನು ಕಟ್ಟಿಕೊಂಡಳೆಂಬ ಸಂಕಟ. ನಾನು ರಿಟೈರ್ ಆಗಿ ಎರಡು ವರ್ಷವಾದರೂ ಅತ್ತೆಯ ಲೆಕ್ಕದಲ್ಲಿ ನಾನಿನ್ನೂ ಡ್ಯೂಟಿಯಲ್ಲೇ ಇದ್ದೇನೆ. ಹೊರಗೆ ನಗುತ್ತೇನೆ ನಿಜ. ಒಳಗೆ ಒಂದು ಮುಳ್ಳು ಇದ್ದೇ ಇತ್ತು. ಭಾನುವಾರ ಆ ಬಾಯಿಂದಲೇ "ಅಳಿಯಾ" ಅನ್ನಿಸದಿದ್ದರೆ ನನ್ನ ಹೆಸರು ಪಾಂಟೆಲಿಸ್ ಅಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಆರಕ್ಕೇ ಹಿತ್ತಲಿಗೆ ಇಳಿದೆ. ಗಿಡದಲ್ಲಿ ಅತಿ ಕೆಂಪಾದ, ಮುಟ್ಟಿದರೆ ಕಳಚಿ ಬೀಳುವಷ್ಟು ಮಾಗಿದ ಹನ್ನೆರಡು ಹಣ್ಣು ಆರಿಸಿದೆ. ಸಾಧಾರಣ ಹಣ್ಣು ಸಾಧಾರಣ ಜನಕ್ಕೆ! ತಲೆ ಕತ್ತರಿಸಿ, ಚಮಚದಿಂದ ಒಳಗಿನ ರಸ, ತಿರುಳು, ಬೀಜ ಎಲ್ಲ ಕೆರೆದು ತೆಗೆದೆ. ಆ ಗಲೀಜು ಏನು ಮಾಡುವುದು? ಕೋಳಿಗಳಿಗೆ ಸುರಿದೆ. ಅವು ಮುಗಿಬಿದ್ದು ತಿಂದವು. ಆಮೇಲೆ ಪ್ರತಿ ಟೊಮೆಟೊಗೂ ಅಕ್ಕಿಯನ್ನು ಕಂಠದವರೆಗೆ ಒತ್ತಿ ಒತ್ತಿ ತುಂಬಿದೆ. ಅಸಿಮಿನಾ ಒಂದು ಬೆರಳು ಜಾಗ ಖಾಲಿ ಬಿಡುವುದನ್ನು ನೋಡಿದ್ದೆ. ಜಿಪುಣತನ! ನನ್ನ ಮನೆಗೆ ಬಂದವರಿಗೆ ಅರ್ಧ ತುಂಬಿದ ಟೊಮೆಟೊವೇ?

"ಉಪ್ಪೆಲ್ಲಿದೆ?" ಎಂದು ಕೂಗಿದೆ.

ಜಗುಲಿಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದ ಅಸಿಮಿನಾ ಅಲ್ಲಿಂದಲೇ ಹೇಳಿದಳು. "ನಿನ್ನ ಬಿಸಿಲನ್ನ ಕೇಳು."

ಕೊನೆಗೆ ಒಂದೊಂದು ಟೊಮೆಟೊದ ನೆತ್ತಿಯ ಮೇಲೂ ಒಂದೊಂದು ಪುದೀನ ಕುಡಿಯನ್ನು ಕಿರೀಟದಂತೆ ಸಿಕ್ಕಿಸಿದೆ. ಹನ್ನೆರಡು ಜನ ರಾಜರು ಟ್ರೇಯಲ್ಲಿ ಓಲಗ ಕೊಡುತ್ತ ಕೂತಂತೆ ಕಂಡಿತು!

ಆಗಸ್ಟ್‌ನಲ್ಲಿ ನಮ್ಮ ಕಡೆ ಯಾರೂ ಮನೆಯಲ್ಲಿ ಓವನ್ ಹಚ್ಚುವುದಿಲ್ಲ. ಹಚ್ಚಿದರೆ ಟೊಮೆಟೊಗಿಂತ ಮೊದಲು ಮನೆಯವರು ಬೇಯುತ್ತಾರೆ. ಭಾನುವಾರ ಬ್ರೆಡ್ ತೆಗೆದ ಮೇಲೆ ಲೆಫ್ತೇರಿಸ್‌ನ ಬೇಕರಿಯ ಸೌದೆ ಭಟ್ಟಿ ಇಡೀ ಬೀದಿಗೆ ಸೇರಿದ್ದು. ಟ್ರೇ ಕೊಟ್ಟು ಚರ್ಚಿಗೆ ಹೋಗಬೇಕು, ಮಧ್ಯಾಹ್ನ ಬಿಸಿಬಿಸಿ ಎತ್ತಿಕೊಂಡು ಬರಬೇಕು. ಊರಿಗೆ ಪಾತ್ರೆ ಅಂಗಡಿ ಒಂದೇ ಇರುವುದರಿಂದ ಟ್ರೇಗಳೆಲ್ಲ ಅವಳಿಜವಳಿ. ಅದಕ್ಕೇ ಲೆಫ್ತೇರಿಸ್ ನಂಬರಿನ ತಗಡು ಬಿಲ್ಲೆ ಇಟ್ಟಿದ್ದಾನೆ. ಒಂದನ್ನು ಟ್ರೇಯ ಹಿಡಿಗೆ ಕಟ್ಟುತ್ತಾನೆ, ಅದರ ಜೋಡಿಯನ್ನು ನಮ್ಮ ಕೈಗೆ ಕೊಡುತ್ತಾನೆ.

"ಪಾಂಟೆಲಿಸಣ್ಣ, ಬಿಲ್ಲೆ ತಗೊಳ್ಳಿ," ಎಂದ.

"ನನಗಾ? ಬಿಲ್ಲೆನಾ?" ಎಂದು ಬೇಕರಿಗೆಲ್ಲ ಕೇಳುವಂತೆ ನಕ್ಕೆ. "ಮೂವತ್ತೆರಡು ವರ್ಷ ಒಂದೇ ಒಂದು ಪತ್ರ ತಪ್ಪು ಮನೆಗೆ ಹಾಕಿದವನಲ್ಲ ಕಣಯ್ಯಾ! ನನ್ನ ಟೊಮೆಟೊ ನಾನು ಗುರುತು ಹಿಡಿಯಲ್ವಾ? ಪುದೀನ ಕಿರೀಟ ಇದೆ, ನೋಡು!"

"ಪುದೀನ ಸುಟ್ಟು ಹೋಗತ್ತಣ್ಣ..."

"ಹೋಗಯ್ಯ!"

ಹೋಗಿದ್ದು ಪುದೀನವೇ. ಮಧ್ಯಾಹ್ನ ಬಂದು ನೋಡಿದರೆ ಕಟ್ಟೆಯ ಮೇಲೆ ಎರಡೇ ಟ್ರೇ ಉಳಿದಿದ್ದವು. ಎರಡರಲ್ಲೂ ಅಕ್ಕಿ ತುಂಬಿದ ಟೊಮೆಟೊ, ಎರಡರಲ್ಲೂ ಹನ್ನೆರಡು, ಕಿರೀಟ ಮಾತ್ರ ಎಲ್ಲಿಯೂ ಇಲ್ಲ! ಒಂದು ಟ್ರೇಯಲ್ಲಿ ಟೊಮೆಟೊಗಳು ಬಾಯಿಬಿಟ್ಟು, ಸೊಂಟ ಮುರಿದು, ಕರಿಹಿಡಿದು ಬಿದ್ದಿದ್ದವು. ಇನ್ನೊಂದರಲ್ಲಿ ದುಂಡಗೆ, ಎಣ್ಣೆ ಮಿರುಗುತ್ತ, ಅಂಚಿನಲ್ಲಿ ಮಾತ್ರ ಹದವಾಗಿ ಕಂದಿ ಕೂತಿದ್ದವು. ನಡುನಡುವೆ ಹೊಂಬಣ್ಣದ ಆಲೂಗಡ್ಡೆ ಹೋಳುಗಳು. ಆಲೂಗಡ್ಡೆ ನಾನು ಹಾಕಿದ್ದೆನೇ? ಹಾಕಿರಬೇಕು, ಸಂಭ್ರಮದಲ್ಲಿ ಮರೆತಿರಬೇಕು! ಹಿಡಿಯಲ್ಲಿ ಏಳನೇ ನಂಬರಿನ ಬಿಲ್ಲೆ ನೇತಾಡುತ್ತಿತ್ತು. ಬೇಡವೆಂದರೂ ಕಟ್ಟಿದ್ದಾನೆ, ಒಳ್ಳೆಯ ಹುಡುಗ ಲೆಫ್ತೇರಿಸ್ ಎಂದುಕೊಂಡೆ. ಅವನು ಆಗ ಹಿಂದುಗಡೆ ಭಟ್ಟಿಯ ಬೂದಿ ತೆಗೆಯುತ್ತಿದ್ದ.

ಹೊರಡುವ ಮುನ್ನ ಮುರಿದ ಟೊಮೆಟೊಗಳ ಕಡೆ ಒಮ್ಮೆ ನೋಡಿದೆ. "ಯಾರ ಮನೆಯದೋ ಪಾಪ," ಎಂದು ಲೊಚಗುಟ್ಟಿದೆ. "ಎಂಥೆಂಥ ಕೈಗಳಿಗೆಲ್ಲ ಅಡಿಗೆ ಬಿಟ್ಟಿದ್ದಾರೆ ಜನ!"

ಮನೆಯಲ್ಲಿ ಅತ್ತೆ ಆಗಲೇ ಮೇಜಿಗೆ ಕೂತಿದ್ದರು. ಕೈಯಲ್ಲಿ ಫೋರ್ಕು, ಮುಖದಲ್ಲಿ ತೀರ್ಪು.

"ಪೋಸ್ಟ್‌ಮ್ಯಾನ್ ಮಾಡಿದ್ದಾ? ನಾನು ಬೆಳಿಗ್ಗೆನೇ ಬ್ರೆಡ್ ತಿಂದ್ಕೊಂಡು ಬಂದಿದೀನಿ, ಯಾವ್ದಕ್ಕೂ ಇರಲಿ ಅಂತ," ಎಂದು ಒಂದು ತುಂಡು ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು. ಎರಡನೇ ತುಂಡು ಹೋಯಿತು, ಮೂರನೆಯದು ಹೋಯಿತು. ಮೊದಲ ಟೊಮೆಟೊ ಮಾಯ! ಅಸಿಮಿನಾಳ ಬೀಸಣಿಗೆ ನಿಂತಿತು.

"ಇನ್ನೊಂದು ಹಾಕು," ಎಂದರು ಅತ್ತೆ. ನಾನು ಹಾಕಿದೆ. ಮೂರನೆಯದೂ ಮುಗಿಯುತ್ತ ಬಂದಾಗ ಬ್ರೆಡ್ಡಿನ ತುಂಡಿನಿಂದ ತಟ್ಟೆಯ ಎಣ್ಣೆ ಒರೆಸುತ್ತ, ಆ ಮಾತು ಹೇಳಿದರು. "ಅಳಿಯಾ, ನಿನ್ನ ಕೈಲಿ ಇಂಥ ರುಚಿ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲವಲ್ಲೋ!"

ಅಳಿಯಾ! ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಅದನ್ನು ಮುಚ್ಚಿಕೊಳ್ಳಲು ನಾನೂ ಒಂದು ತುತ್ತು ಬಾಯಿಗೆ ಹಾಕಿಕೊಂಡೆ.

ಹಲ್ಲಿಗೆ ಮೆತ್ತಗೆ, ಸಿಹಿಯಾಗಿ ಏನೋ ಸಿಕ್ಕಿತು. ಒಣದ್ರಾಕ್ಷಿ.

ನಾನು ಒಣದ್ರಾಕ್ಷಿ ಹಾಕಿರಲಿಲ್ಲ. ನಮ್ಮ ಬೀದಿಯಲ್ಲಿ ಟೊಮೆಟೊಗೆ ಒಣದ್ರಾಕ್ಷಿ ಹಾಕುವವಳು ಒಬ್ಬಳೇ, ಮೂಲೆಮನೆಯ ಮುದುಕಿ ಎವಾಂಥಿಯಾ. ಹತ್ತೊಂಬತ್ತು ವರ್ಷದ ಹಿಂದೆ ಚರ್ಚಿನ ಹಬ್ಬದೂಟದಲ್ಲಿ ಅವಳ ಟೊಮೆಟೊ ಬಾಯಿಗಿಟ್ಟು, ಊರೆಲ್ಲ ಕೇಳುವಂತೆ "ಇದು ಊಟನೋ ಮಿಠಾಯಿನೋ?" ಎಂದವರು ನನ್ನ ಅತ್ತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವಳ ಬಾಗಿಲು ಕಣ್ಣಿಗೆ ಬೀಳಬಾರದೆಂದು ಅತ್ತೆ ಆ ಎರಡು ಮಂಡಿನೋವು ಹೊತ್ತುಕೊಂಡು ಸುತ್ತುದಾರಿಯಲ್ಲಿ ನಮ್ಮ ಮನೆಗೆ ಬರುತ್ತಾರೆ!

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನೋ, ಹೆತ್ತ ಹೆಗ್ಗಣವನ್ನು ಬೇಕರಿ ಕಟ್ಟೆಯ ಮೇಲೆ ಬಿಟ್ಟು, ಮೂಲೆಮನೆಯ ರಾಜಕುಮಾರನನ್ನು ಎತ್ತಿಕೊಂಡು ಬಂದಿದ್ದೆ. ಅಷ್ಟೇ ಸಾಲದೆಂದು ಹೆಗ್ಗಣಕ್ಕೆ ಲೊಚಗುಟ್ಟಿಯೂ ಬಂದಿದ್ದೆ!

"ಈ ಸಿಹಿ ಏನೋ ಅಳಿಯಾ, ನಡುನಡುವೆ ಬರ್ತಿದೆಯಲ್ಲ?" ಎಂದರು ಅತ್ತೆ. ಅವರ ಕಣ್ಣು ಮಸುಕು, ದ್ರಾಕ್ಷಿ ಕಂಡಿರಲಿಲ್ಲ.

ಸತ್ಯ ಹೇಳಿದರೆ ಮತ್ತೆ ಪೋಸ್ಟ್‌ಮ್ಯಾನ್. ಹೇಳದಿದ್ದರೆ ಅಳಿಯ. "ಅದು... ಆಗಸ್ಟ್ ಬಿಸಿಲು ಅತ್ತೆ," ಎಂದೆ. "ಟೊಮೆಟೊ ಒಳಗೆ ಗಟ್ಟಿಯಾಗಿ ಕೂತ್ಕೊಂಡುಬಿಡತ್ತೆ."

ಅಸಿಮಿನಾ ನನ್ನ ಮುಖ ನೋಡಿದಳು, ಟ್ರೇಯ ಬಿಲ್ಲೆ ನೋಡಿದಳು, ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲೇ ಬಾಗಿಲಲ್ಲಿ ದಡದಡ ಸದ್ದಾಯಿತು.

ಎವಾಂಥಿಯಾ! ಒಂದು ಕೈಯಲ್ಲಿ ಸೊಂಟ ಮುರಿದ ನನ್ನ ರಾಜರು, ಇನ್ನೊಂದು ಕೈಯಲ್ಲಿ ಏಳನೇ ನಂಬರಿನ ಬಿಲ್ಲೆ.

"ಪಾಂಟೆಲಿಸ್! ಕಟ್ಟೆ ಮೇಲೆ ಉಳಿದಿದ್ದು ಇದೊಂದೇ. ಬಿಲ್ಲೆ ಬೇಡ ಅಂದ ಮಹಾನುಭಾವ ನೀನೊಬ್ಬನೇ ಅಂತ ಆಮೇಲೆ ಹೇಳಿದ ಲೆಫ್ತೇರಿಸ್. ಇವತ್ತು ಪಾದ್ರಿಗಳನ್ನ ಊಟಕ್ಕೆ ಕರೆದಿದ್ದೆ ಕಣೋ! ಬಿಲ್ಲೆ ಎಲ್ಲೋ ಉದುರಿದೆ, ಭಟ್ಟಿಯವನೇ ಕೆಡಿಸಿದಾನೆ ಅಂದ್ಕೊಂಡು ಬಡಿಸಿಬಿಟ್ಟೆ. ಊಟಕ್ಕೆ ಮೊದಲು ಒಂದು ಸಲ ಪ್ರಾರ್ಥನೆ ಮಾಡಿದ್ರು. ಒಂದು ತುತ್ತು ಬಾಯಿಗಿಟ್ಟು ಇನ್ನೊಂದು ಸಲ ಮಾಡಿದ್ರು! ಅಕ್ಕಿನಾ ಅದು, ಜಲ್ಲಿನಾ?"

ಆಗ ಅವಳ ಕಣ್ಣು ಮೇಜಿನ ಮೇಲೆ ಬಿತ್ತು. ತನ್ನ ಟ್ರೇ. ಅದರಲ್ಲಿ ಉಳಿದ ಏಳು ಟೊಮೆಟೊ. ಅದರ ಮುಂದೆ, ಕೆನ್ನೆ ಉಬ್ಬಿಸಿಕೊಂಡು, ಗಲ್ಲಕ್ಕೆ ಎಣ್ಣೆ ಮೆತ್ತಿಕೊಂಡು ಕೂತ ಸ್ಟಮಾತಾ.

ಅತ್ತೆಯ ಬಾಯಲ್ಲಿದ್ದ ತುತ್ತು ಇತ್ತ ನುಂಗುವಂತಿಲ್ಲ, ಅತ್ತ ಉಗುಳುವಂತಿಲ್ಲ. ಹತ್ತೊಂಬತ್ತು ವರ್ಷದ ಹಟ ಒಂದು ಕೆನ್ನೆಯೊಳಗೆ ಸಿಕ್ಕಿಕೊಂಡಿತ್ತು. ನನಗೆ ನನ್ನ ಮಾನಕ್ಕಿಂತ ಆ ಮುದುಕಿಯ ಮುಖ ನೋಡಿ ಸಂಕಟವಾಯಿತು. ತಪ್ಪು ನನ್ನದು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ನಿಧಾನವಾಗಿ ಅಗಿದು, ನುಂಗಿ, ಕರವಸ್ತ್ರದಿಂದ ಗಲ್ಲ ಒರೆಸಿಕೊಂಡರು.

"ಉಪ್ಪು ಒಂಚೂರು ಕಮ್ಮಿ," ಎಂದರು.

"ಇಷ್ಟೆಲ್ಲ ತಿಂದ ಮೇಲೆ ಗೊತ್ತಾಯ್ತಾ?" ಎಂದಳು ಎವಾಂಥಿಯಾ.

"ನಾಲ್ಕನೇದ್ರಲ್ಲಿ ನೋಡೋಣ ಅಂತಿದ್ದೆ," ಎಂದರು ಅತ್ತೆ, ಪಕ್ಕದ ಕುರ್ಚಿಯನ್ನು ಕಾಲಿನಿಂದ ಈಚೆಗೆ ತಳ್ಳುತ್ತ.

ಎವಾಂಥಿಯಾ ಒಂದು ಕ್ಷಣ ನಿಂತಳು. ಆಮೇಲೆ ಕೂತಳು! ನನ್ನ ಟ್ರೇಯನ್ನು ಮೇಜಿನ ಮೇಲಿಟ್ಟು ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು, ಡಾಕ್ಟರುಗಳು ರೋಗಿಯನ್ನು ನೋಡಿದ ಹಾಗೆ. ಎವಾಂಥಿಯಾ ಒಂದು ಅಕ್ಕಿಕಾಳನ್ನು ಉಗುರಿನಿಂದ ಒತ್ತಿದಳು. ಅದು ಟಣ್ಣನೆ ಹಾರಿ ಲೋಟಕ್ಕೆ ಬಿತ್ತು.

"ಒಣಗಿದೆ. ಏನೋ, ಇದರ ತಿರುಳು ಎಲ್ಲೋ?" ಎಂದಳು. "ಆ ರಸದಲ್ಲೇ ಅಲ್ವೇನೋ ಅಕ್ಕಿ ಬೇಯೋದು?"

"ಕೋಳಿಗೆ ಹಾಕಿದೆ," ಎಂದೆ.

ಇಬ್ಬರು ಹೆಂಗಸರೂ ಒಂದೇ ಉಸಿರಿಗೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಹತ್ತೊಂಬತ್ತು ವರ್ಷದಲ್ಲಿ ಅವರು ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

"ಈ ಮನೇಲಿ ಇವತ್ತು ಸರಿಯಾಗಿ ಊಟ ಮಾಡಿದ್ದು ಕೋಳಿಗಳೇ ಹಾಗಾದ್ರೆ," ಎಂದಳು ಅಸಿಮಿನಾ.

"ನಾನೂ," ಎಂದರು ಅತ್ತೆ ಚಿಕ್ಕ ದನಿಯಲ್ಲಿ. ಎವಾಂಥಿಯಾ ಅತ್ತ ತಿರುಗಿ ಮೂಗು ಒರೆಸಿಕೊಂಡಳು. "ಪೋಸ್ಟ್‌ಮ್ಯಾನ್," ಎಂದರು ಅತ್ತೆ ಆಮೇಲೆ ಜೋರಾಗಿ, "ಅವಳಿಗೊಂದು ತಟ್ಟೆ ತಾ."

ತಂದುಕೊಟ್ಟೆ. ಅಳಿಯನ ಪದವಿ ನನಗೆ ದಕ್ಕಿದ್ದು ಒಟ್ಟು ಐದು ನಿಮಿಷ!

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಅಡಿಗೆಮನೆಯಲ್ಲಿ ಇಬ್ಬರು ಮುದುಕಿಯರು ಜಗಳವಾಡುತ್ತ ಟೊಮೆಟೊ ತುಂಬುತ್ತಿದ್ದರು. ಆರಕ್ಕೆ ಒಣದ್ರಾಕ್ಷಿ, ಆರಕ್ಕೆ ಇಲ್ಲ ಎಂದು ಒಪ್ಪಂದವಾಗಿತ್ತು. ನನಗೆ ಒಲೆಯಿಂದ ಮೂರು ಮಾರು ದೂರ ನಿಲ್ಲುವ ಶಿಕ್ಷೆ. ಟ್ರೇ ಹೊತ್ತು ಬೇಕರಿಗೆ ಹೋಗುವುದಷ್ಟೇ ಕೆಲಸ. ಹೊರಡುವಾಗ ಅತ್ತೆ ಟ್ರೇಯ ಹಿಡಿಗೆ ಒಂದು ಲಕೋಟೆ ಕಟ್ಟಿದರು. ವಿಳಾಸ ಬರೆದು, ಸ್ಟಾಂಪೂ ಅಂಟಿಸಿದ್ದರು. "ಲೆಫ್ತೇರಿಸ್‌ಗೆ ಕೊಡು, ದಾರೀಲಿ ಓದಬೇಡ," ಎಂದರು. ಮೂವತ್ತೆರಡು ವರ್ಷ ಯಾರ ಪತ್ರವನ್ನೂ ಒಡೆಯದವನು ನಾನು, ಇದನ್ನೂ ಒಡೆಯಲಿಲ್ಲ.

ಲೆಫ್ತೇರಿಸ್ ಒಡೆದ. ಕ್ಯೂನಲ್ಲಿದ್ದ ಇಡೀ ಬೀದಿಗೆ ಕೇಳುವಂತೆ ಓದಿದ.

"ಟ್ರೇ ಒಂದು, ಅಳಿಯ ಒಬ್ಬ. ಎರಡಕ್ಕೂ ಬಿಲ್ಲೆ ಕಟ್ಟುವುದು. ಟ್ರೇ ತಪ್ಪದೆ ನಮ್ಮ ಮನೆಗೆ ತಲುಪಬೇಕು. ಅಳಿಯ ಬೇರೆ ಮನೆಗೆ ಹೋದರೆ ವಾಪಸ್ ಕಳಿಸುವ ಅಗತ್ಯವಿಲ್ಲ."

ಬೇಕರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಮಾತ್ರ ಕತ್ತು ಚಾಚಿ, ಕೈಯೊಡ್ಡಿ ಬಿಲ್ಲೆ ಕಟ್ಟಿಸಿಕೊಳ್ಳುತ್ತ ಕೇಳಿದೆ. "ಲೆಫ್ತೇರಿಸ್, ಮೊದಲನೇ ಸಾಲು ಇನ್ನೊಂದು ಸಲ ಓದಪ್ಪಾ!"