ಕರೆಂಟ್ ಗಿಟಾರೂ ಹಲಸಿನ ಮಣೆಯೂ

ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಾಗ ಅತ್ತೆಯ ಫೋನು ಎತ್ತಬಾರದು ಎನ್ನುವುದು ರಾಜೇಂದ್ರನಿಗೆ ಆ ದಿನ ಗೊತ್ತಾಯಿತು. ಬಾಯಿ ಖಾಲಿಯಿದ್ದಿದ್ದರೆ "ಯಾಕತ್ತೆ?" ಎಂದು ಒಂದು ಮಾತು ಕೇಳಿರುತ್ತಿದ್ದ, ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

"ಅಳಿಯಂದ್ರೆ, ಮದ್ಯಾನ ಗಂಡಿನೋರು ಬತ್ತಾವ್ರೆ, ನೆಪ್ಪದೆ ತಾನೆ? ಬರೋವಾಗ ನಮ್ಮ ಅಲಸಿನ ಅಸೆಮಣೆ ತಕ್ಕಬನ್ನಿ. ಗಂಡಿಗೆ ಬೇಕು. ಮರೆತು ಬುಟ್ ಬಂದ್ರೆ ನನ್ನ ಮಾನ ಓಯ್ತದೆ!"

"ಊಂ" ಎಂದ ರಾಜೇಂದ್ರ, ಬ್ರಷ್ಷಿನ ಸಂದಿಯಿಂದ. ಫೋನು ಕಟ್ಟಾಯಿತು.

ಅತ್ತೆ ಮುದ್ದಮ್ಮನವರದು ತಿ. ನರಸೀಪುರ. ಅಂದು ಅವರ ಕಿರಿಮಗಳ ನಿಶ್ಚಿತಾರ್ಥ. ರಾಜೇಂದ್ರನ ಹೆಂಡತಿ ವಾಣಿ, ತಂಗಿಯ ಸೀರೆ, ಹೂವು, ಮೆಹಂದಿ ಎಂದು ಮಗುವನ್ನೂ ಕಟ್ಟಿಕೊಂಡು ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಇನ್ನು ಆ ಹಲಸಿನ ಹಸೆಮಣೆ. ಅದು ಮಗುವಿನ ನಾಮಕರಣಕ್ಕೆಂದು ಅಲ್ಲಿಂದ ನಂಜನಗೂಡಿನ ಇವರ ಮನೆಗೆ ಬಂದದ್ದು, ಹಿಂದಕ್ಕೆ ಹೋಗಲೇ ಇಲ್ಲ. ಗಂಡು ಹೆಣ್ಣು ಇಬ್ಬರೂ ಕೂರುವಷ್ಟು ಉದ್ದದ ದಪ್ಪ ಹಲಗೆ. ಬಹಳ ದಿನ ಮಂಚದ ಕೆಳಗೆ ಮಲಗಿತ್ತು.

ಈಗ ಅದು ಮಂಚದ ಕೆಳಗಿರಲಿಲ್ಲ. ಗೋಡೆಯ ಮೊಳೆಗೆ ನೇತಾಡುತ್ತಿತ್ತು. ತಂತಿ, ಬಿರಡೆ, ಗುಂಡಿ ಸಮೇತ. ಎಲೆಕ್ಟ್ರಿಕ್ ಗಿಟಾರಾಗಿ.

ರಾಜೇಂದ್ರನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಕಸುಬು. "ನಾನು ಸುತ್ತಿದ ತಂತಿಯೆಲ್ಲಾ ನೀರೆತ್ತೀ ಎತ್ತೀ ಸವೆದೋದ್ವು. ಒಂದಾದ್ರೂ ಹಾಡ್ಲಿ ಕಣೇ" ಎಂದು ವಾಣಿಯ ಹತ್ತಿರ ಹೇಳುತ್ತಿದ್ದ. ಒಮ್ಮೆ ಮೈಸೂರಿಗೆ ಹೋದವನು ಅಂಗಡಿಯೊಂದರಲ್ಲಿ ಎಲೆಕ್ಟ್ರಿಕ್ ಗಿಟಾರು ಕೈಗೆತ್ತಿಕೊಂಡ. ಅದರ ತಲೆಯ ಮೇಲೆ ಯಾವುದೋ ಅಮೆರಿಕದ ಹೆಸರು. ಉಗುರಲ್ಲಿ ಕೆರೆದರೆ ಹೆಸರು ಉಗುರಿಗೇ ಬಂತು.

"ಇದು ನಕಲಿ ಅಲ್ವೇನ್ರೀ?"

"ನಕಲಿ ಅನ್ಬೇಡಿ ಸಾರ್. ಫಸ್ಟ್ ಕಾಪಿ."

ಬೆಲೆ ಕೇಳಿದ. ಆ ದುಡ್ಡಿಗೆ ಕರುವಿನ ಸಮೇತ ಹಾಲು ಕರೆಯುವ ಹಸು ಬರುತ್ತಿತ್ತು, ಅದೂ ಒರಿಜಿನಲ್ಲು.

"ನಕಲಿಗೆ ಇಷ್ಟು ಸುರಿಯೋ ಬದಲು ನಾನೇ ಮಾಡ್ಕೊತೀನಿ" ಎಂದು ಬಸ್ಸು ಹತ್ತಿದ. ಎಲೆಕ್ಟ್ರಿಕ್ ಗಿಟಾರಿನ ಜೀವವೆಲ್ಲ ಇರುವುದು ತಂತಿಗಳ ಕೆಳಗಿನ ಪಿಕಪ್ಪಿನಲ್ಲಿ. ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ. ಅಂದರೆ ಮೋಟರಿನ ಮರಿಯೇ! ಕೂದಲಿಗಿಂತ ಸಣ್ಣ ತಂತಿಯನ್ನು ಉಸಿರು ಬಿಗಿಹಿಡಿದು ಸುತ್ತಿದ. ನಡುವೆ ಸೀನು ಬಂದರೆ ಮತ್ತೆ ಮೊದಲಿಂದ. ಮರಕ್ಕೆ ಮಾತ್ರ ಅಲೆಯಲಿಲ್ಲ. ವೀಣೆಗೆ ಹಲಸಾದರೆ ಗಿಟಾರಿಗೆ ಆಗದೇ? ಮಂಚದ ಕೆಳಗೆ ಕೈ ಹಾಕಿದ. ಅತ್ತೆಯನ್ನು ಕೇಳಲಿಲ್ಲ. ಹೆಂಡತಿಗೆ ಸಾಮಿಲ್ಲಿನ ಮರ ಎಂದ. ನುಡಿಸಲು ಬರುತ್ತಿರಲಿಲ್ಲ, ಅದೂ ನಿಜವೇ. ಒಂದು ತಂತಿ ಮೀಟಿ, ಆ ದನಿ ಕರಗುವವರೆಗೂ ಕಣ್ಣು ಮುಚ್ಚಿ ಕೂರುತ್ತಿದ್ದ. ಅವನಿಗೆ ಅಷ್ಟೇ ಸಾಕಿತ್ತು.

"ಏನಪ್ಪಾ, ಅತ್ತೆ ಮಣೆ ಕೇಳಿದ್ರಾ?"

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಪಾಪಮ್ಮನ ತಲೆ ಎದ್ದಿತು. ಆಯಮ್ಮನ ಕಿವಿಗೆ ಟವರ್ ಬೇಕಿಲ್ಲ ಎಂದು ಬೀದಿಗೇ ಗೊತ್ತು.

"ನೀನು ಗರಗಸ ಆಕ್ದಾಗ್ಲೇ ಅಂದ್ಕಂಡೆ ಕಣಪ್ಪ. ಅಸೆಮಣೆ ಕೊಯ್ದು ತಂಬೂರಿ ಮಾಡ್ಕಂಡೋರ್ನ ಈ ಜಲ್ಮದಲ್ಲಿ ಕಂಡಿಲ್ಲ! ಆ ಎಣ್ಣುಮಗಳು ಈಗ ಎಲ್ ಕೂತ್ಕಬೇಕು?"

"ಮೆಲ್ಲಗೆ ಪಾಪಮ್ಮ, ಮೆಲ್ಲಗೆ."

ಪಾಪಮ್ಮನಿಗೆ ಮೆಲ್ಲಗೆ ಎನ್ನುವುದು ಬೈಗುಳದ ಹಾಗೆ ಕೇಳಿಸುತ್ತಿತ್ತು. ಆ ಗಲಾಟೆಗೆ ಎದುರಿನ ಪಂಕ್ಚರ್ ಅಂಗಡಿಯ ಮಾದು ಕೈಯಲ್ಲಿದ್ದ ಟ್ಯೂಬಿನ ಸಮೇತ ಬಂದ. ವಿಷಯ ಕೇಳಿ, ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ನ್ಯಾಯಾಧೀಶನ ಗತ್ತಿನಲ್ಲಿ ಕೂತ.

"ಇದಕ್ಯಾಕ್ ತಲೆ ಕೆಡುಸ್ಕತೀಯಣ್ಣೋ? ಮಣೆ ಮ್ಯಾಲೆ ಎಂಗೂ ಬಟ್ಟೆ ಆಸ್ತಾರೆ. ಗಿಟಾರ್ ಮ್ಯಾಲೂ ಆಸ್ಬುಡದು. ಯಾವೋನು ಎತ್ತಿ ನೋಡ್ತಾನೆ?"

"ಅದರ ಮೇಲೆ ಕೂರಬೇಕಲ್ಲೋ!"

"ಕೂತು ನೋಡದು. ಪಾಪವ್ವ, ಬಾ ಕೂತ್ಕ."

ಗಿಟಾರನ್ನು ಬೋರಲು ಮಲಗಿಸಿ ಪಂಚೆ ಹೊದಿಸಿದರು. ಪಾಪಮ್ಮ ಮದುವಣಗಿತ್ತಿಯ ಹಾಗೆ ಸೆರಗು ಹೊದ್ದು, ಮುಖದಲ್ಲಿ ಒಂದಿಷ್ಟು ನಾಚಿಕೆಯನ್ನೂ ತಂದುಕೊಂಡು ಕೂತಳು. ಜೊಂಯ್ಯ್ ಎಂದಿತು.

"ಅಯ್ಯಯ್ಯೋ, ಕರೆಂಟ್ ಒಡೀತು!"

"ಪ್ಲಗ್ಗೇ ಹಾಕಿಲ್ಲ ಪಾಪಮ್ಮ!"

"ಆಕ್ದೇನೇ ಇಂಗೆ, ಆಕಿದ್ರೆ ನಾನಿರ್ತಿದ್ನೇನೋ?" ಎಂದು ಎದ್ದು ಓಡಿದಳು. ಸೀರೆಯ ಅಂಚು ಬಿರಡೆಗೆ ಸಿಕ್ಕಿತ್ತು. ಹಗ್ಗ ಕಟ್ಟಿದ ಮೇಕೆಯ ಹಾಗೆ ಗಿಟಾರೂ ಗೇಟಿನವರೆಗೆ ಅರಚಿಕೊಂಡು ಹೋಯಿತು.

ಅಲ್ಲಿಗೆ ಆ ಉಪಾಯ ಮುಗಿಯಿತು. ಉಳಿದದ್ದು ಒಂದೇ ದಾರಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಹಳೇ ಮನೆಯ ಸಾಮಾನು ಮಾರುವ ನಟರಾಜನ ಅಂಗಡಿಯಿದೆ, ಅಲ್ಲಿ ಇಂಥದೇ ಒಂದು ಮಣೆ ಹಿಡಿಯುವುದು. ಬಣ್ಣ ತಾಳೆ ನೋಡಲು ಗಿಟಾರನ್ನೂ ಒಯ್ಯಬೇಕು. ಮಾದು ಅದನ್ನು ಗೊಬ್ಬರದ ಚೀಲಕ್ಕೆ ತುರುಕಿ ಕೊಟ್ಟ. ಕತ್ತು ಮಾತ್ರ ಹೊರಗೆ ಉಳಿಯಿತು.

"ಏನ್ರೀ ಅದು?" ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ.

"ಮಣೆ" ಎಂದ ರಾಜೇಂದ್ರ. ಸುಳ್ಳಂತೂ ಅಲ್ಲ.

"ಮಣೆಗೆ ಕತ್ತು ಯಾವಾಗ್ ಬಂತು? ಲಗೇಜ್ ತಗೊಳ್ರೀ."

ಹಂಪು ಬಂದಾಗಲೆಲ್ಲ ಚೀಲ ಜೊಂಯ್ ಎನ್ನುತ್ತಿತ್ತು. ಮುಂದಿನ ಸೀಟಿನ ಮುದುಕಿ ಎರಡು ಸಲ ತಿರುಗಿ ನೋಡಿ, "ಅಸ್ಕಂಡದೆ ಅಂತ ಕಾಣ್ತದೆ, ಏನಾರ ತಿನ್ಸಪ್ಪ" ಎಂದಿತು.

ನಟರಾಜನ ಅಂಗಡಿಯಲ್ಲಿ ಬಾಗಿಲು, ಕಂಬ, ತೊಟ್ಟಿಲು ಎಲ್ಲ ಒಂದರ ಮೇಲೊಂದು ಒರಗಿದ್ದವು. ಕೇಳಿದ್ದೇ ತಡ, ಒಳಗಿನಿಂದ ಕಪ್ಪಗಿನ ಉದ್ದನೆಯ ಮಣೆಯೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ.

"ಪಾಳೇಗಾರರ ಮನೇದು ಸಾ."

ರಾಜೇಂದ್ರ ಹೆಬ್ಬೆರಳಲ್ಲಿ ಉಜ್ಜಿದ. ಬೆರಳು ಕಪ್ಪಾಯಿತು. "ಬಣ್ಣ ಬಿಡ್ತದಲ್ರೀ!"

"ಹಳೇದಲ್ವಾ ಸಾ, ವಯಸ್ಸು ಬಿಡ್ತಾ ಅದೆ."

"ಹೊಸ ಮರಕ್ಕೆ ಮಸಿ ಬಳಿದಿದ್ದೀರ. ಹಲಸೂ ಅಲ್ಲ ಇದು."

ನಟರಾಜ ಬೇಜಾರು ಮಾಡಿಕೊಳ್ಳಲಿಲ್ಲ. "ನೋಡಿ ಸಾ, ನಿಮಗೆ ಹಳೇದರ ತರ ಕಾಣ್ಬೇಕಾ, ಹಳೇದೇ ಆಗ್ಬೇಕಾ? ಹಳೇದೇ ಆಗ್ಬೇಕು ಅಂದ್ರೆ ಇದನ್ನೇ ತಗೊಂಡೋಗಿ, ಐವತ್ತು ವರ್ಷ ಇಟ್ಕೊಳಿ."

ಬೆಲೆ ಕೇಳಿದಾಗ ರಾಜೇಂದ್ರನಿಗೆ ಮೈಸೂರಿನ ಅಂಗಡಿ ಕಣ್ಣ ಮುಂದೆ ಬಂತು. ಜೇಬಿನಲ್ಲಿದ್ದದ್ದು ಅರ್ಧಕ್ಕೂ ಸಾಲದು. ಗಂಡಿನ ಕಡೆಯವರು ಬರುವ ಹೊತ್ತಾಗಿತ್ತು, ವಾಣಿ ಒಂದರ ಹಿಂದೊಂದು ಫೋನು ಮಾಡುತ್ತಿದ್ದಳು. ನಟರಾಜನ ಕಣ್ಣು ಆಗಲೇ ಚೀಲದ ಮೇಲೆ ಬಿದ್ದಿತ್ತು.

"ಇದು ಇಲ್ಲೇ ಇರ್ಲಿ ಬಿಡಿ. ನಾಳೆ ಬಾಕಿ ತಂದು ಬಿಡಿಸ್ಕೊಳಿ."

ರಾಜೇಂದ್ರ ಚೀಲದ ಬಾಯಿ ಬಿಚ್ಚಿ ಒಂದು ಸಲ ತಂತಿ ಸವರಿದ. ಅತ್ತೆಯ ಮಾನ ಒಂದು ಕಡೆ, ತಾನು ಉಸಿರು ಹಿಡಿದು ಸುತ್ತಿದ್ದು ಇನ್ನೊಂದು ಕಡೆ. ಚೀಲದ ಬಾಯಿ ಮತ್ತೆ ಬಿಗಿದ. "ಯಾರಿಗೂ ತೋರಿಸ್ಬೇಡಿ ಮತ್ತೆ."

"ನಂಬಿಕೆ ಮೇಲೇ ಸಾ ನಮ್ಮ ವ್ಯಾಪಾರ" ಎಂದ ನಟರಾಜ. ರಾಜೇಂದ್ರನ ಹೆಬ್ಬೆರಳು ಇನ್ನೂ ಕಪ್ಪಗಿತ್ತು.

ಆಟೋದಿಂದ ಮಣೆ ಇಳಿಸುವಾಗ ಎದೆ ಹಳೇ ಡೀಸೆಲ್ ಎಂಜಿನ್ನಿನಂತೆ ಹೊಡೆದುಕೊಳ್ಳುತ್ತಿತ್ತು. ಮುದ್ದಮ್ಮ ಬಂದು ಮಣೆ ಸವರಿದರು. ಅಂಗೈ ನೋಡಿಕೊಂಡರು. ರಾಜೇಂದ್ರ ಕಣ್ಣು ಮುಚ್ಚಿದ.

"ನೋಡ್ರವ್ವಾ! ನಮ್ಮತ್ತೆ ಕಾಲದ ದೀಪದ ಮಸಿ, ಇನ್ನೂ ಅಂಗೇ ಅದೆ!" ಎಂದು ಕಣ್ಣಿಗೊತ್ತಿಕೊಂಡರು.

ಹೋದ ಜೀವ ಬಂದಂತಾಯಿತು. "ಎಲ್ಲಿ ಹಾಸ್ಲಿ ಅತ್ತೆ?"

"ಆಸಾದಾ? ಯಾಕೆ?"

"ಗಂಡು ಕೂರಕ್ಕೆ..."

"ಅಯ್ಯ, ಈ ಕಾಲದಲ್ಲಿ ಯಾರು ಮಣೆ ಮ್ಯಾಲೆ ಕೂತಾರು ಅಳಿಯಂದ್ರೆ? ಸೋಪಾ ತರ್ಸಿವ್ನಿ. ನಮ್ಮ ಗಂಡು ಹೇಮಂತಪ್ಪಂಗೆ ಅದೆಂತದೋ ಕರೆಂಟ್ ಗಿಟಾರಿನ ಉಚ್ಚು. ಅಂಗಡೀಲಿ ನಕಲಿಗೇ ಕತ್ತು ಕೊಯ್ತಾರಂತೆ, ತಾನೇ ಮಾಡ್ಕತಾನಂತೆ, ಅಳೇ ಅಲಸಿನ ಮರ ಬೇಕಂತೆ. ನಮ್ಮ ಮಣೆ ಅದೆ, ಕೊಯ್ಕಳಪ್ಪ ಅಂದೆ. ಮನೇಲಿ ಬಿದ್ದಿರೋ ಮರ, ಕೇಳಿದೋರಿಗೆ ಕೊಡದೇ ಇದ್ದೀನಾ?"

ರಾಜೇಂದ್ರ ಮಣೆಯ ಮೇಲೆಯೇ ಕುಸಿದು ಕೂತ. ಪಂಚೆ ಕಪ್ಪಾಯಿತು.

ಹೊರಗೆ ಕಾರು ನಿಂತಿತು. ಹಣ್ಣು ಹೂವಿನ ತಟ್ಟೆ ಹಿಡಿದ ಹೆಂಗಸರ ಹಿಂದೆ ಹೇಮಂತ್ ಇಳಿದ. ಹೊಸ ಷೇರ್ವಾನಿ, ಹೆಗಲ ಮೇಲೆ ಗಿಟಾರು.

"ಅತ್ತೆ, ಮಣೆ ಬೇಡ ಬಿಡಿ!" ಎಂದು ಬಾಗಿಲಲ್ಲೇ ಕೂಗಿದ. "ಬಸ್ ಸ್ಟ್ಯಾಂಡ್ ಹತ್ರ ಹೂವಿಗೆ ನಿಲ್ಲಿಸಿದ್ವಿ. ಅಲ್ಲೊಂದು ಹಳೇ ಸಾಮಾನಿನ ಅಂಗಡಿಯಲ್ಲಿ ಇದು ನೇತಾಡ್ತಾ ಇತ್ತು. ಸಂಗಮ ನೋಡಕ್ಕೆ ಬಂದ ಫಾರಿನ್‌ನವರು ಬಿಟ್ಟೋಗಿದ್ದಂತೆ. ರೇಟು ಸ್ವಲ್ಪ ಜಾಸ್ತಿ ಆಯ್ತು, ಆದ್ರೆ ಒರಿಜಿನಲ್!"

ವಾಣಿ ಗಂಡನ ಪಕ್ಕಕ್ಕೆ ಸರಿದಳು. "ರೀ, ಅದು ನಿಮ್ಮದಲ್ವಾ?"

"ಸುಮ್ನಿರೇ. ಅದು ನಿಮ್ಮಮ್ಮಂದು."

ಹೇಮಂತ್ ಕಾರಿನಿಂದ ಪುಟ್ಟ ಸ್ಪೀಕರ್ ತರಿಸಿ ವೈರು ಸಿಕ್ಕಿಸಿದ. ಅವನಿಗೆ ನುಡಿಸಲು ಬರುತ್ತಿತ್ತು. ಮೊದಲ ಸ್ವರ ಹೊರಟಿತು, ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಒಗ್ಗರಣೆ ಹಾಕುತ್ತಿದ್ದವರು ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ಒಳಕೋಣೆಯಿಂದ ಮದುಮಗಳು ಇಣುಕಿದಳು. ಅಷ್ಟು ದಿನ ಒಂದೊಂದೇ ತಂತಿ ಮೀಟಿ ಕೇಳಿದ್ದ ರಾಜೇಂದ್ರನಿಗೆ ತಾನು ಸುತ್ತಿದ್ದರೊಳಗೆ ಇಷ್ಟೆಲ್ಲ ಇತ್ತು ಎನ್ನುವುದು ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರಾಡಿತು.

"ಒಗ್ಗರಣೆ ಘಾಟು" ಎಂದ.

"ಪಿಕಪ್ ನೋಡಿ ಅಣ್ಣ" ಎಂದ ಹೇಮಂತ್, ಮುಂದೆ ಷಡ್ಡಕನಾಗುವವನ ಪಕ್ಕ ಕೂತು. "ನೀವೂ ವೈಂಡಿಂಗ್ ಮಾಡ್ತೀರಂತೆ, ನಿಮಗೆ ಅರ್ಥ ಆಗ್ತದೆ. ಇಂಥ ಕೈ ನಮ್ಮ ದೇಶದಲ್ಲಿ ಎಲ್ಲಿದೆ ಹೇಳಿ?"

"ಇಲ್ಲ ಬಿಡಪ್ಪ" ಎಂದ ರಾಜೇಂದ್ರ. ನಿಜ ಹೇಳಿದರೆ ಹುಡುಗನ ಖುಷಿ ಹೋಗುತ್ತದೆ, ಅತ್ತೆಯ ಮಣೆಯ ಕತೆಯೂ ಹೊರಬರುತ್ತದೆ. ಆದರೂ ಆ ಮಾತು ಅವನ ಎದೆಯೊಳಗೆ ಬೆಲ್ಲದ ಹಾಗೆ ಕರಗುತ್ತಿತ್ತು.

"ಅಂಗಾದ್ರೆ ಆ ಮಣೆ ಅಳಿಯಂದ್ರೇ ಇಟ್ಕಳ್ಳಿ" ಎಂದು ಮುದ್ದಮ್ಮ ತೀರ್ಪು ಕೊಟ್ಟರು. "ಪಾಪ, ಒತ್ಕಂಡು ಬಂದವ್ರೆ."

"ಹೌದಣ್ಣ, ನೀವೂ ಒಂದು ಮಾಡ್ಕೊಳಿ. ನಂದನ್ನ ನೋಡ್ಕೊಂಡು ಅಳತೆ ತಗೊಳ್ಳಿ. ಇದರ ತರ ಬರಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಎಷ್ಟಾದ್ರೂ ನಕಲು ನಕಲೇ ಅಲ್ವಾ?"

"ಅದೇನೋ ನಿಜ."

"ನೋಡಿ, ತಂತಿ ಉದ್ದ ಸರಿಯಾಗಿರಬೇಕು, ಇಲ್ಲಾಂದ್ರೆ ಶ್ರುತಿ ನಿಲ್ಲಲ್ಲ. ಯಾರಾದ್ರೂ ಒಂದು ಟೇಪ್ ಕೊಡ್ರಪ್ಪ, ಈ ತುದಿಯಿಂದ ಆ ತುದಿಗೆ..."

"ಇಪ್ಪತ್ತೈದೂವರೆ ಇಂಚು" ಎಂದುಬಿಟ್ಟ ರಾಜೇಂದ್ರ.

ಟೇಪು ಬಂತು. ಹೇಮಂತ್ ಹಿಡಿದು ನೋಡಿದ. ಮತ್ತೊಂದು ಸಲ ನೋಡಿದ. "ಕರೆಕ್ಟಾಗಿ ಇಪ್ಪತ್ತೈದೂವರೆ! ಹೆಂಗೆ ಹೇಳಿದ್ರಿ ಅಣ್ಣ?"

ವಾಣಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ರಾಜೇಂದ್ರ ಮಸಿ ಮೆತ್ತಿದ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡ.

"ಅಂದಾಜು ಕಣಪ್ಪ" ಎಂದ.